ಹೇಸದ ಕೈ

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಮೂರನೆಯದು ನಿರ್ವಿಚಿಕಿತ್ಸೆ. ರೋಗಪೀಡಿತವಾದ ದೇಹವನ್ನು ಕಂಡು ಹೇಸದಿರುವುದು ಅದರ ಲಕ್ಷಣ. ಧಾರವಾಡದ ನಿವೃತ್ತ ಶಿಕ್ಷಕರೊಬ್ಬರು ದಶಲಕ್ಷಣ ಪರ್ವದ ಉಪನ್ಯಾಸಗಳಲ್ಲಿ ಈ ಅಂಗವನ್ನು ವರ್ಷವರ್ಷವೂ ವಿವರಿಸುತ್ತಿದ್ದರು. ಉದ್ದಾಯನ ರಾಜನ ಕಥೆಯನ್ನು ಹೇಳುವಾಗ ಅವರ ಕಂಠ ಗದ್ಗದವಾಗುತ್ತಿತ್ತು. ಕುಷ್ಠಪೀಡಿತ ಮುನಿಯ ವೇಷದಲ್ಲಿ ಬಂದ ದೇವನು ಆಹಾರವನ್ನುಂಡು ಅಲ್ಲಿಯೇ ವಾಂತಿ ಮಾಡಿಕೊಂಡಾಗ ಪರಿಜನರು ದುರ್ಗಂಧ ತಾಳದೆ ಓಡಿದರು. ರಾಜನಾದರೋ, ತಾನೇ ಅಪಥ್ಯವಾದುದನ್ನು ಬಡಿಸಿದೆನೆಂದು ತನ್ನನ್ನು ನಿಂದಿಸಿಕೊಂಡು ಮುನಿಯ ಮೈಯನ್ನು ತೊಳೆದನು.

ಆ ಶಿಕ್ಷಕರಿಗೆ ಅರವತ್ತೆಂಟನೆಯ ವಯಸ್ಸಿನಲ್ಲಿ ಗುದನಾಳದ ಕ್ಯಾನ್ಸರ್ ಕಾಣಿಸಿಕೊಂಡಿತು. ಹುಬ್ಬಳ್ಳಿಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ರೋಗಗ್ರಸ್ತ ಭಾಗವನ್ನು ತೆಗೆದು, ದೊಡ್ಡ ಕರುಳಿನ ತುದಿಯನ್ನು ಹೊಟ್ಟೆಯ ಎಡಬದಿಯಲ್ಲಿ ಹೊರತಂದು ಹೊಲಿದರು. ಇಂತಹ ದ್ವಾರಕ್ಕೆ ಸ್ಟೋಮಾ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಆ ಶಬ್ದಕ್ಕೆ ಬಾಯಿ ಎಂದರ್ಥ. ದೊಡ್ಡ ಕರುಳಿನದಾದರೆ ಕೊಲೊಸ್ಟಮಿ, ಸಣ್ಣ ಕರುಳಿನ ಕೊನೆಯ ಭಾಗದ್ದಾದರೆ ಇಲಿಯಾಸ್ಟಮಿ. ಮಲವನ್ನು ತಡೆಹಿಡಿಯುವ ಸ್ನಾಯು ಅಲ್ಲಿಲ್ಲ. ಆದುದರಿಂದ ಹೊಟ್ಟೆಗೆ ಅಂಟಿಸಿದ ಚೀಲದಲ್ಲಿ ಅದು ಸಂಗ್ರಹವಾಗುತ್ತದೆ.

ಪ್ರಾಣ ಉಳಿಯಿತು; ಆದರೆ ಅವರು ಬಸದಿಗೆ ಹೋಗುವುದನ್ನು ಬಿಟ್ಟರು. ಪಂಕ್ತಿಯಲ್ಲಿ ಕೂಡದಾದರು. ಚೀಲ ತುಂಬಬಾರದೆಂದು ಅರ್ಧ ಹೊಟ್ಟೆ ಉಣ್ಣತೊಡಗಿದರು. ಇನ್ನೊಬ್ಬರ ಕೈ ಇದಕ್ಕೆ ತಾಗಬಾರದೆಂದು ಬಾಗಿಲು ಹಾಕಿಕೊಂಡು ತಾವೇ ಚೀಲ ಬದಲಿಸುತ್ತಿದ್ದರು. ಅಂಟುಬಿಲ್ಲೆಯ ರಂಧ್ರವನ್ನು ದೊಡ್ಡದಾಗಿ ಕತ್ತರಿಸಿದ್ದರಿಂದ ಮಲವು ಚರ್ಮಕ್ಕೆ ತಾಗಿ ಹುಣ್ಣಾಯಿತು. ಹುಣ್ಣಿನ ಮೇಲೆ ಬಿಲ್ಲೆ ನಿಲ್ಲದೆ ಸೋರಿತು. ಅದನ್ನೂ ತಮ್ಮ ಪಾಪೋದಯವೆಂದೇ ಅವರು ಭಾವಿಸಿದರು.

ಅವರ ಧರ್ಮಪತ್ನಿ ಒಂದು ದಿನ ಯಾರಿಗೂ ಹೇಳದೆ ಹುಬ್ಬಳ್ಳಿಯ ಬಸ್ ಹತ್ತಿ, ಆಸ್ಪತ್ರೆಯ ಸಿಸ್ಟರ್ ಒಬ್ಬರಿಂದ ಎಲ್ಲವನ್ನೂ ಕಲಿತು ಬಂದರು. ರಂಧ್ರವು ಸ್ಟೋಮಾಕ್ಕಿಂತ 2-3 ಮಿಲಿಮೀಟರು ಮಾತ್ರ ದೊಡ್ಡದಿರಬೇಕು. ಶಸ್ತ್ರಕ್ರಿಯೆಯ ನಂತರದ 6-8 ವಾರಗಳಲ್ಲಿ ಸ್ಟೋಮಾ ಕುಗ್ಗುವುದರಿಂದ ಆಗಾಗ ಅಳೆಯಬೇಕು. ಉಗುರುಬೆಚ್ಚಗಿನ ನೀರಿನಿಂದ ತೊಳೆದು ಒಣಗಿಸಬೇಕು. ಎಣ್ಣೆ ತಾಗಿದರೆ ಬಿಲ್ಲೆ ಅಂಟದು. ಚೀಲ ಮೂರನೆಯ ಒಂದು ಭಾಗದಿಂದ ಅರ್ಧದಷ್ಟು ತುಂಬುವಷ್ಟರಲ್ಲಿ ಖಾಲಿ ಮಾಡಬೇಕು. ಆರೋಗ್ಯವಂತ ಸ್ಟೋಮಾ ತುಟಿಯ ಒಳಮೈಯಂತೆ ಕೆಂಪಗೆ, ತೇವವಾಗಿರುತ್ತದೆ, ಮುಟ್ಟಿದರೆ ನೋವಿಲ್ಲ, ತೊಳೆಯುವಾಗ ಒಂದೆರಡು ಹನಿ ರಕ್ತ ಬಂದರೆ ಅಂಜಬೇಕಿಲ್ಲ. ಬಣ್ಣ ನೀಲಿಗಟ್ಟಿದರೆ ಅಥವಾ ಕಪ್ಪಾದರೆ ಕೂಡಲೇ ವೈದ್ಯರಲ್ಲಿಗೆ ಹೋಗಬೇಕು.

ಪತಿ ಒಪ್ಪಲಿಲ್ಲ. ಆಗ ಆ ತಾಯಿ ಹೇಳಿದ ಮಾತು ಇಷ್ಟೇ: "ಮಕ್ಕಳ ಹೇಸಿಗಿ ಬಳದ ಕೈ ಇವು. ನಿಮಗ ಮಾಡಾಕ ಯಾಕ ಹೇಸಲಿ? ಉದ್ದಾಯನನ ಕಥಿ ನಿಮ್ಮ ಬಾಯಾಗ ಕೇಳಿದಾಕಿ ನಾನು."

ಶಿಕ್ಷಕರು ನಿರುತ್ತರರಾದರು. ಹದಿನೈದು ದಿನಗಳಲ್ಲಿ ಹುಣ್ಣು ಮಾಯಿತು.

ಈ ಚೀಲದ ಮೂಲದಲ್ಲಿಯೂ ಇಂತಹುದೇ ಅನುಕಂಪೆಯಿದೆ. ಡೆನ್ಮಾರ್ಕಿನ ಎಲಿಸೆ ಸೊರೆನ್ಸನ್ ಎಂಬ ದಾದಿಯ ತಂಗಿ ಶಸ್ತ್ರಚಿಕಿತ್ಸೆಯ ನಂತರ ಸೋರುವಿಕೆಗೆ ಅಂಜಿ ಮನೆಯಿಂದ ಹೊರಬರದಾದಳು. ಅವಳಿಗಾಗಿ ಅಕ್ಕನು 1954ರಲ್ಲಿ ಚರ್ಮಕ್ಕೆ ಅಂಟುವ, ಬಳಸಿ ಬಿಸಾಡಬಹುದಾದ ಚೀಲವನ್ನು ಕಲ್ಪಿಸಿದಳು. ಇಂದು ಅದು ಜಗತ್ತಿನ ಅಸಂಖ್ಯ ರೋಗಿಗಳ ಆಸರೆ.

ಇಲ್ಲಿ ನಾವು ವಿಚಾರಿಸಬೇಕಾದುದೊಂದಿದೆ. ಅಶುಚಿ ಅನುಪ್ರೇಕ್ಷೆಯು ದೇಹದ ಮಲಿನತೆಯನ್ನು ಚಿಂತಿಸಲು ಹೇಳುತ್ತದೆ, ನಿಜ. ಆದರೆ ಅದು ಸ್ವದೇಹದ ಮೋಹವನ್ನು ಕಳೆಯಲಿಕ್ಕೆ. ಪರರ ದೇಹವನ್ನು ಹೀಗಳೆಯಲಿಕ್ಕಲ್ಲ. ಚೀಲವಿಲ್ಲದವನ ಉದರದಲ್ಲಿಯೂ ಇರುವುದು ಅದೇ. ಒಬ್ಬನಲ್ಲಿ ಅದು ಚರ್ಮದ ಮರೆಯಲ್ಲಿದೆ, ಇನ್ನೊಬ್ಬನಲ್ಲಿ ಚೀಲದ ಮರೆಯಲ್ಲಿದೆ. ಹೇಸಿಕೆ ಹುಟ್ಟುವುದು ನೋಡುವವನ ಮನಸ್ಸಿನಲ್ಲಿ. ರೋಗಿಯು ತನ್ನನ್ನು ತಾನೇ ಹೇಸಿಕೊಳ್ಳುವುದೂ ಅದೇ ದೋಷ.

ವ್ರತನಿಷ್ಠರ ಮನೆಗಳಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಇಲಿಯಾಸ್ಟಮಿಯುಳ್ಳವರು ನೀರನ್ನೂ ತ್ಯಜಿಸಿ ಉಪವಾಸ ಮಾಡಿದರೆ ದೇಹದ ನೀರು, ಲವಣಗಳು ಬೇಗ ಕುಂದಿ ಪ್ರಾಣಾಪಾಯ ಒದಗಬಹುದು. ವೈದ್ಯರನ್ನು ಕೇಳದೆ ಅಂತಹ ವ್ರತವನ್ನು ಕೈಗೊಳ್ಳಬಾರದು, ಮನೆಯವರು ಒತ್ತಾಯಿಸಲೂಬಾರದು. ಶಕ್ತಿಯನ್ನರಿತು ಆಚರಿಸುವುದೇ ತಪ.

ಆ ವರ್ಷದ ಕ್ಷಮಾವಾಣಿಯ ದಿನ ಶಿಕ್ಷಕರು ಬಸದಿಯ ಸಭಾಮಂಟಪಕ್ಕೆ ಬಂದು ಹಿಂದಿನ ಸಾಲಿನಲ್ಲಿ ಕುಳಿತರು. ಎಲ್ಲರಲ್ಲಿಯೂ ಕ್ಷಮೆ ಬೇಡಿ, ಮನೆಗೆ ಮರಳಿದ ಮೇಲೆ ಪತ್ನಿಗೆ ಕೈಮುಗಿದರು. ಮೂವತ್ತು ವರ್ಷ ತಾವು ಉಪದೇಶಿಸಿದುದನ್ನು ಆಚರಣೆಯಲ್ಲಿ ಕಂಡದ್ದು ಆಕೆಯ ಕೈಗಳಲ್ಲಿ ಎಂದರು. ಮಧ್ಯಾಹ್ನ ಎಲ್ಲರೊಡನೆ ಪಂಕ್ತಿಯಲ್ಲಿ ಕುಳಿತು ಹೊಟ್ಟೆತುಂಬ ಉಂಡರು.

ವೈಯಾವೃತ್ತ್ಯವು ಮುನಿಗಳ ಸೇವೆಗಷ್ಟೇ ಮೀಸಲೆಂದು ತಿಳಿಯಬಾರದು. ನಮ್ಮ ಓಣಿಯ ಯಾವ ಮುಚ್ಚಿದ ಬಾಗಿಲಿನ ಹಿಂದೆ ಇಂತಹ ಜೀವವೊಂದು ನಾಚಿ ಕುಳಿತಿದೆಯೋ, ಆ ಬಾಗಿಲನ್ನು ಮೆಲ್ಲನೆ ತಟ್ಟುವುದೂ ಶ್ರಾವಕಧರ್ಮವೇ.