ಅಡ್ಡ ಬಂದವರು

ಫೋಟೋ ಎಂದರೆ ಮುಖ ಎಂಬುದು ನಮ್ಮ ಮನೆಗಳ ಗಟ್ಟಿ ನಂಬಿಕೆ. ನಾಮಕರಣ, ಮದುವೆ, ಷಷ್ಟ್ಯಬ್ದಿ, ಯಾವ ಆಲ್ಬಮ್ ತೆರೆದರೂ ಜನ ಕೈ ಇಳಿಬಿಟ್ಟು, ಉಸಿರು ಬಿಗಿಹಿಡಿದು ಸಾಲಾಗಿ ನಿಂತಿರುತ್ತಾರೆ. ಛತ್ರದ ಹೊರಗಿನ ಬೀದಿ ಹೇಗಿತ್ತು, ಮೂಲೆಯಲ್ಲಿ ಹೂ ಮಾರುತ್ತಿದ್ದವಳು ಬುಟ್ಟಿಯನ್ನು ಎಲ್ಲಿಟ್ಟುಕೊಂಡಿದ್ದಳು ಎಂಬುದನ್ನು ಅವು ಹೇಳುವುದಿಲ್ಲ. ದುಡ್ಡು ಕೊಟ್ಟು ಕರೆಸಿದ ಫೋಟೋಗ್ರಾಫರು ಬೀದಿಗಾಗಿ ರೀಲು ಕಳೆದರೆ ಬೀಗರು ಸುಮ್ಮನಿದ್ದಾರೆಯೆ?

ನನಗೋ ಊರಬೀದಿಯ ಫೋಟೋಗಳೆಂದರೆ ಪ್ರಾಣ. ಮನುಷ್ಯ ಮೊಟ್ಟಮೊದಲು ಫೋಟೋದಲ್ಲಿ ಬಿದ್ದದ್ದೂ ಬೀದಿಯಲ್ಲೇ ಎನ್ನುತ್ತಾರೆ. 1838ರಲ್ಲಿ ಪ್ಯಾರಿಸ್ಸಿನಲ್ಲಿ ಡಾಗೇರ್ ಎಂಬಾತ ಎತ್ತರದ ಕಿಟಕಿಯಿಂದ ಒಂದು ದೊಡ್ಡ ರಸ್ತೆಯ ಚಿತ್ರ ಹಿಡಿದ. ಆಗಿನ ತಗಡಿನ ಮೇಲೆ ಬಿಂಬ ಮೂಡಲು ಹಲವು ನಿಮಿಷ ಬೇಕಿತ್ತು. ಓಡಾಡುತ್ತಿದ್ದ ಗಾಡಿ, ಕುದುರೆ, ಜನ ಯಾರೂ ಮೂಡಲಿಲ್ಲ. ರಸ್ತೆ ಬಿಕೋ ಎನ್ನುತ್ತದೆ. ಉಳಿದವನು ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳುತ್ತ ನಿಂತ ಒಬ್ಬ. ಅವನ ಕಾಲ ಬಳಿ, ಮಸುಕಾಗಿ, ಪಾಲಿಶ್ ಮಾಡುವವನು. ದೊರೆಯಲ್ಲ, ದಂಡನಾಯಕನಲ್ಲ.

ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ (1923-2009) ದೊಡ್ಡವರ ಚಿತ್ರಗಳನ್ನೂ ತೆಗೆದರು. ಆದರೆ ನಾನು ಹೆಚ್ಚು ಹೊತ್ತು ನಿಲ್ಲುವುದು ಅವರು ಹಿಡಿದ ಸಾಮಾನ್ಯರ, ಮಕ್ಕಳ ಚಿತ್ರಗಳೆದುರು. ತಮ್ಮ ನೆನಪುಗಳ ಪುಸ್ತಕಕ್ಕೆ ಅವರು ಕೊಟ್ಟ ಹೆಸರು 'ಕಾಲಕ್ಕೆ ಕನ್ನಡಿ'. ಕನ್ನಡಿ ಎದುರಿಗೆ ಬಂದವರಲ್ಲಿ ಭೇದ ಎಣಿಸುವುದಿಲ್ಲ.

ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ಪ್ರಾಣಹಾನಿಯಾಯಿತು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಕುಸಿಯಿತು. ಕೆಡವಬೇಕೋ ಉಳಿಸಬೇಕೋ ಎಂಬ ವಾದ ನಡೆಯಿತು. ಕಮಾನುಗಳ ಫೋಟೋ ಬೇಕಾದಷ್ಟು ಸಿಕ್ಕಾವು. ಆ ಕಮಾನುಗಳ ಕೆಳಗೆ ಹಳೆಯ ಪುಸ್ತಕ ತಿರುವುತ್ತ, ಚೌಕಾಶಿ ಮಾಡುತ್ತ ನಿಂತವರದು?

ನನ್ನ ಗೆಳೆಯನೊಬ್ಬ ಎಂಬತ್ತರ ದಶಕದಲ್ಲಿ ಆ ಕಟ್ಟಡದ ಚಿತ್ರ ತೆಗೆದಿದ್ದ. ಬಹಳ ವರ್ಷಗಳ ಮೇಲೆ ತೋರಿಸುತ್ತ, "ಯಾರೋ ಅಡ್ಡ ಬಂದು ಕೆಡಿಸಿಬಿಟ್ಟ" ಎಂದು ಗೊಣಗಿದ. ನೋಡಿದೆ. ಕಾಲರಿನ ಹಿಂಭಾಗಕ್ಕೆ ಛತ್ರಿ ಸಿಕ್ಕಿಸಿಕೊಂಡು, ಬಟ್ಟೆಯ ಚೀಲ ಹಿಡಿದು, ಎಡಕ್ಕೆ ತುಸು ವಾಲಿ ನಡೆದುಹೋಗುತ್ತಿದ್ದಾತ ನಮ್ಮ ತಂದೆ! ಅವರು ಹೋಗಿ ಆಗಲೇ ಆರು ವರ್ಷವಾಗಿತ್ತು. ಮುಖ ಕಾಣುವುದಿಲ್ಲ. ಮನೆಯ ಆಲ್ಬಮ್ಮಿನಲ್ಲಿ ಅವರ ಮುಖಕ್ಕೆ ಕೊರತೆಯಿಲ್ಲ, ಎಲ್ಲವೂ ಬಿಗಿದುಕೊಂಡ ಮುಖಗಳೇ. ಆ ನಡಿಗೆ ಮಾತ್ರ ಎಲ್ಲಿಯೂ ಇರಲಿಲ್ಲ. ಅದರದೊಂದು ಪ್ರತಿ ಮಾಡಿಸಿ ತಂದು ಅಮ್ಮನಿಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. "ಚೀಲದಲ್ಲಿ ತರಕಾರಿ ಇನ್ನೂ ತುಂಬಿಲ್ಲ, ಮಾರ್ಕೆಟ್ಟಿಗೆ ಹೋಗ್ತಿದಾರೆ" ಎಂದಳು.

ಈಗ ಎಲ್ಲರ ಜೇಬಿನಲ್ಲೂ ಕ್ಯಾಮರಾ ಇದೆ. ರೀಲಿನ ಖರ್ಚಿಲ್ಲ, ನಿಮಿಷಗಟ್ಟಲೆ ಕಾಯಬೇಕಾಗಿಲ್ಲ. ಆದರೂ ಜನ ಸರಿದುಹೋಗಲಿ ಎಂದು ಫೋನು ಹಿಡಿದು ಕಾಯುತ್ತೇವೆ. ಸರಿಯದಿದ್ದರೆ ಆಮೇಲೆ ಅಳಿಸುವ ಉಪಾಯವೂ ಅದರಲ್ಲೇ ಇದೆ. ಒಂದೊಂದು ಸಲವಾದರೂ ಅಳಿಸದೆ ಬಿಡಿ. ಅಡ್ಡ ಬಂದವರು ಯಾರದೋ ಮನೆಯವರು.