ಬೀಜ ಬಿದ್ದಾಯ್ತು, ಲೆಕ್ಕ ಯಾವೂರಿಂದು?

ಹೊಸದಾಗಿ ಟೀಮಿಗೆ ಸೇರಿದ ಹುಡುಗಿ ಟೀ ಕುಡೀತಾ ಕೇಳಿದಳು, 'ರ‍್ಯಾಂಡಮ್ ವೇರಿಯಬಲ್ ಅಂದ್ರೆ ನಿಜವಾಗ್ಲೂ ಏನು?' 'ಬೆಲೆ ರ‍್ಯಾಂಡಮ್ಮಾಗಿ ಬದಲಾಗ್ತಾ ಇರೋ ವೇರಿಯಬಲ್' ಅಂದೆ. 'ಯಾರು ಬದಲಾಯಿಸ್ತಾರೆ?' ಅಂದಳು. ಮೀಟಿಂಗ್ ಇದೆ ಅಂತ ಎದ್ದು ಬಂದೆ. ಮೀಟಿಂಗ್ ಇರಲಿಲ್ಲ.

ಬಿಇ ನಾಲ್ಕನೇ ಸೆಮಿಸ್ಟರಿನ ಗಣಿತವನ್ನು ಸೂತ್ರ ಉರು ಹೊಡೆದೇ ಪಾಸು ಮಾಡಿದವನು ನಾನು. ಕನ್ನಡ ಮೀಡಿಯಮ್ಮಿಂದ ಬಂದವನಿಗೆ ಕ್ಲಾಸಲ್ಲಿ ಕೈಯೆತ್ತಿ ಕೇಳೋ ಧೈರ್ಯ ಇರಲಿಲ್ಲ. ಆಮೇಲೆ ಕೋಡ್ ಬರೆಯೋ ಕೆಲಸ ಇನ್ನಷ್ಟು ಕೆಡಿಸಿತು. ವೇರಿಯಬಲ್ ಅಂದ್ರೆ ಬೆಲೆ ಹಾಕಿಡೋ ಡಬ್ಬಿ ಅಂತಲೇ ತಲೇಲಿ ಕೂತುಬಿಟ್ಟಿತ್ತು. ಹತ್ತು ವರ್ಷ ಹಾಗೇ ತಲೆಯಾಡಿಸ್ಕೊಂಡು ಬಂದೆ.

ಆ ವಾರ ಊರಿಗೆ ಹೋದಾಗ ಅಜ್ಜಿ ಜಗುಲಿ ಮೇಲೆ ಮರಿಮಕ್ಕಳ ಜೊತೆ ಚೌಕಾಬಾರ ಆಡ್ತಾ ಇದ್ದಳು. ಒಂದು ಬದಿ ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿದ ನಾಲ್ಕು ಹುಣಸೆ ಬೀಜ. ನಮ್ಮನೇಲಿ ಬಿಳಿ ಎಷ್ಟು ಮೇಲೆ ಬಿತ್ತೋ ಅಷ್ಟು ಮನೆ. ನಾಲ್ಕೂ ಬಿಳಿಯಾದ್ರೆ ಚೌಕ, ಅಂದ್ರೆ 4. ನಾಲ್ಕೂ ಕಪ್ಪಾದ್ರೆ ಬಾರ, 8. ಅತ್ತೆ ಕಡೆಯ ಹುಡುಗ ಎಸೆದ. ನಾಲ್ಕೂ ಬಿಳಿ. 'ಎಂಟು!' ಅಂತ ಕೂಗಿದ. ಅವರೂರಲ್ಲಿ ಕಪ್ಪು ಎಣಿಸ್ತಾರಂತೆ. ಜಗಳ ಶುರುವಾಯ್ತು. 'ಬೀಜ ಬಿದ್ದಾಯ್ತಲ್ಲ, ಲೆಕ್ಕ ಯಾವೂರಿಂದು ಅಂತ ಮೊದ್ಲೇ ಹೇಳ್ಬೇಕಿತ್ತು' ಅಂದಳು ಅಜ್ಜಿ.

ನಂಗೆ ಹೊಳೆದದ್ದು ಅಲ್ಲೇ. ಆಕಸ್ಮಿಕ ಇರೋದು ಬೀಜ ಬೀಳೋದರಲ್ಲಿ. ನಾಲ್ಕು ಬೀಜ 16 ರೀತಿ ಬೀಳಬಹುದು. ಪ್ರತಿ ರೀತಿಗೂ ಒಂದು ಅಂಕಿ ಕೊಡೋ ಲೆಕ್ಕ ಇದೆಯಲ್ಲ, ಅದೇ ರ‍್ಯಾಂಡಮ್ ವೇರಿಯಬಲ್. ಲೆಕ್ಕದಲ್ಲಿ ಆಕಸ್ಮಿಕ ಏನೂ ಇಲ್ಲ, ಎಸೆಯೋ ಮುಂಚೆಯೇ ಅದು ಗಟ್ಟಿಯಾಗಿರುತ್ತೆ. ಡಬ್ಬಿಯಲ್ಲ ಮಾರಾಯ್ರೆ, ಫಂಕ್ಷನ್! ಬೀಜ ಬಿದ್ದ ರೀತಿ ಇನ್‌ಪುಟ್, ಅಂಕಿ ಔಟ್‌ಪುಟ್. 1933ರಲ್ಲಿ ರಷ್ಯಾದ ಕೊಲ್ಮೊಗೊರೊವ್ ಸಂಭವನೀಯತೆಗೆ ಅಡಿಪಾಯ ಹಾಕಿದಾಗ ಹೇಳಿದ್ದೂ ಇದನ್ನೇ. ಹೆಸರಿಟ್ಟವರು ಮಾತ್ರ ನಮ್ಮಂಥವರ ದಾರಿ ತಪ್ಪಿಸಿದರು.

ರಾತ್ರಿ ಕಾಗದ ಹಿಡಿದು ಕೂತೆ. ಬೀಜ ಎರಡೂ ಬದಿಗೆ ಸಮವಾಗಿ ಬೀಳುತ್ತೆ ಅಂದ್ಕೊಂಡರೆ, 16ರಲ್ಲಿ 1 ಬರೋದು 4 ರೀತಿ, 2 ಬರೋದು 6, 3 ಬರೋದು 4, ಚೌಕ ಒಂದೇ, ಬಾರವೂ ಒಂದೇ. ಸರಾಸರಿ ಎರಡೂವರೆ ಮನೆ. ಅತ್ತೆಯ ಊರಿನ ಲೆಕ್ಕ ಹಿಡಿದರೂ ಇದೇ ಪಟ್ಟಿ, ಇದೇ ಎರಡೂವರೆ. ಆದರೆ ಅದೇ ಎಸೆತಕ್ಕೆ ನಮಗೆ 3 ಬಂದರೆ ಅವರಿಗೆ 1. ಡಿಸ್ಟ್ರಿಬ್ಯೂಷನ್ ಒಂದೇ, ರ‍್ಯಾಂಡಮ್ ವೇರಿಯಬಲ್ ಬೇರೆ ಬೇರೆ. ಇವೆರಡೂ ಒಂದೇ ಅಂತ ಬರೆದು ಮಾರ್ಕ್ಸ್ ಕಳ್ಕೊಂಡಿದ್ದು ಈಗಲೂ ನೆನಪಿದೆ.

ಸೋಮವಾರ ಆ ಹುಡುಗಿ ಹತ್ರ ಹೋಗಿ, ಅವತ್ತು ಮೀಟಿಂಗ್ ಇರಲಿಲ್ಲ, ಉತ್ತರ ಗೊತ್ತಿರಲಿಲ್ಲ ಅಂದೆ. ಕಥೆಯೆಲ್ಲ ಕೇಳಿ, 'ಬೀಜ ಸಮ ಇಲ್ದಿದ್ರೆ?' ಅಂದಳು. ಲೆಕ್ಕ ಅದೇ ಇರುತ್ತೆ, ಯಾವ ಅಂಕಿ ಎಷ್ಟು ಸಲ ಬರುತ್ತೆ ಅನ್ನೋದು ಬದಲಾಗುತ್ತೆ ಅಂದೆ. ಈ ಸಲ ತಡವರಿಸಲಿಲ್ಲ. ಅಜ್ಜಿ ಕೊಟ್ಟ ಬೀಜ ಅವಳ ಮೇಜಿನ ಮೇಲಿಟ್ಟು ಬಂದೆ. ಸಂಜೆ ಹೊತ್ತಿಗೆ 100 ಸಲ ಎಸೆದು ಬರೆದಿಟ್ಟಿದ್ದಳು. ಸಮವಾಗಿದ್ದರೆ ಬಾರ ಆರೇಳು ಸಲ ಬೀಳಬೇಕಿತ್ತು. ಬಿದ್ದಿದ್ದು 11.