ತಾನೇ ಕಟ್ಟಿದ ಬುತ್ತಿ

ಬಾಲಿಕೆಯರ ಪಾಠಗಳ ವಿಷಯವಾಗಿ ತಾಯಿತಂದೆಗಳು ನಮ್ಮನ್ನು ಪದೇ ಪದೇ ವಿಚಾರಿಸುವುದುಂಟು. ಅವರ ಬುತ್ತಿಯ ವಿಷಯವಾಗಿ ವಿಚಾರಿಸುವವರು ವಿರಳ. ಆದರೆ ಮಧ್ಯಾಹ್ನದ ಮೇಲಣ ಪಾಠವು ತಲೆಗೆ ಹತ್ತುವುದೂ ಹತ್ತದಿರುವುದೂ ಬಹುಮಟ್ಟಿಗೆ ಆ ಡಬ್ಬಿಯನ್ನೇ ಅವಲಂಬಿಸಿದೆಯೆಂಬುದನ್ನು ಇಪ್ಪತ್ತು ವರ್ಷಗಳಿಗೂ ಮಿಕ್ಕು ತರಗತಿಯಲ್ಲಿ ನಿಂತು ಕಂಡವರಾದ ನಾವು, ಈ ಸಂಚಿಕೆಯಲ್ಲಿ ನಮಗೆ ದೊರೆತ ಪುಟಗಳನ್ನು ಬುತ್ತಿಯ ವಿಚಾರಕ್ಕೇ ಮೀಸಲಿಡುತ್ತೇವೆ.

ಇದು ಅಲ್ಪ ವಿಷಯವಲ್ಲ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ೧೫ರಿಂದ ೧೯ ವರ್ಷ ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ ೫೯ ಮಂದಿ ರಕ್ತಹೀನತೆಯುಳ್ಳವರು. ೨೦೦೨ರಲ್ಲಿ ನಮ್ಮ ರಾಜ್ಯದಲ್ಲಿ ಆರಂಭವಾದ ಅಕ್ಷರ ದಾಸೋಹವು ಎಷ್ಟೋ ಮಕ್ಕಳ ಹಸಿವನ್ನು ನೀಗಿಸಿದೆ. ಆದರೆ ಮನೆಯಿಂದ ಬುತ್ತಿ ತರಬೇಕಾದ ಮಕ್ಕಳ ಪಾಡು ಬೇರೆ. ತಾಯಿಗೂ ಹೊತ್ತಾಗಿರುತ್ತದೆ, ಮಗಳಿಗೂ ಹೊತ್ತಾಗಿರುತ್ತದೆ. ಬೆಳಗಿನ ತಿಂಡಿ ತಟ್ಟೆಯಲ್ಲಿಯೇ ಉಳಿಯುತ್ತದೆ, ಚೀಲಕ್ಕೆ ಒಂದು ಬಿಸ್ಕತ್ತಿನ ಪೊಟ್ಟಣ ಬೀಳುತ್ತದೆ. ತಾಯಿ ಕಷ್ಟಪಟ್ಟು ಕಟ್ಟಿಕೊಟ್ಟ ಡಬ್ಬಿಯೂ ಅರ್ಧ ತುಂಬಿದಂತೆಯೇ ಮನೆಗೆ ಹಿಂತಿರುಗುವುದುಂಟು.

ಇದಕ್ಕೆ ನಾವು ಕಂಡುಕೊಂಡ ಉಪಾಯವು ಬಹು ಸರಳವಾದುದು: ಮಗುವು ತನ್ನ ಬುತ್ತಿಯನ್ನು ತಾನೇ ಸಿದ್ಧಪಡಿಸಲಿ. ತನ್ನ ಕೈಯಿಂದ ಕಲಸಿದುದನ್ನು ಯಾವ ಮಗುವೂ ಸುಲಭವಾಗಿ ಚೆಲ್ಲುವುದಿಲ್ಲ. ಆದರೆ ಕೆಲಸವು ವಯಸ್ಸಿಗೆ ತಕ್ಕುದಾಗಿರಬೇಕು.

ಎಂಟು ಒಂಬತ್ತು ವರ್ಷದವರಿಗೆ ಬೆಂಕಿಯೂ ಬೇಡ, ಕತ್ತಿಯೂ ಬೇಡ; ಬೆಲ್ಲದ ಅವಲಕ್ಕಿ ಸಾಕು. ತುರಿದ ತೆಂಗಿನಕಾಯಿಯನ್ನೂ ಪುಡಿಮಾಡಿದ ಬೆಲ್ಲವನ್ನೂ ಮೊದಲು ಕೈಯಿಂದ ಚೆನ್ನಾಗಿ ಹಿಸುಕಬೇಕು. ಬೆಲ್ಲ ಕರಗಿ ರಸ ಬಿಟ್ಟ ಮೇಲೆ ತೆಳು ಅವಲಕ್ಕಿಯನ್ನು ಬೆರಸಿದರೆ ಆ ಪಸೆಯಲ್ಲಿಯೇ ಅದು ಮೆತ್ತಗಾಗುವುದು. ಬಿಸಿಲುಗಾಲದಲ್ಲಿ ಹಸಿಯ ಕಾಯಿ ಮಧ್ಯಾಹ್ನದೊಳಗೆ ಕೆಡುವುದಾದುದರಿಂದ ಒಣಕೊಬ್ಬರಿಯನ್ನು ಹಾಕತಕ್ಕದ್ದು. ರಾಗಿಯ ಹುರಿಹಿಟ್ಟು ಇದಕ್ಕಿಂತಲೂ ಸುಲಭ. ಹಿಟ್ಟನ್ನೂ ಬೆಲ್ಲದ ಪುಡಿಯನ್ನೂ ಒಣಗಿದಂತೆಯೇ ಒಯ್ದು, ಊಟದ ಹೊತ್ತಿಗೆ ನೀರು ಬೆರಸಿ ಉಂಡೆ ಕಟ್ಟಿದರಾಯಿತು. ೧೦೦ ಗ್ರಾಂ ರಾಗಿಯಲ್ಲಿ ೩೦೦ ಮಿಲಿಗ್ರಾಮಿಗೂ ಮಿಕ್ಕು ಕ್ಯಾಲ್ಸಿಯಂ ಇರುವುದರಿಂದ ಬೆಳೆಯುವ ಎಲುಬುಗಳಿಗೆ ಇದು ಒಳ್ಳೆಯ ಆಹಾರ.

ಹನ್ನೊಂದು ಹನ್ನೆರಡರ ವಯಸ್ಸಿಗೆ ಕೋಸಂಬರಿಯನ್ನು ಕಲಿಸಬಹುದು. ಹೆಸರುಬೇಳೆಯನ್ನು ಒಂದು ಗಂಟೆ ನೆನೆಯಿಸಿ, ನೀರು ಬಸಿದು, ಸೌತೆಕಾಯಿಯ ಚೂರುಗಳನ್ನು ಸೇರಿಸುವುದು. ಉಪ್ಪು ಹಾಕಿದೊಡನೆ ಸೌತೆಕಾಯಿ ನೀರು ಬಿಡುವುದಾದುದರಿಂದ ಉಪ್ಪನ್ನೂ ನಿಂಬೆಹೋಳನ್ನೂ ಬೇರೆಯಾಗಿ ಒಯ್ದು, ಉಣ್ಣುವಾಗಲೇ ಬೆರಸಬೇಕು. ನಿಂಬೆಯು ರುಚಿಗೆ ಮಾತ್ರವಲ್ಲ. ಕಾಳುಬೇಳೆಗಳಲ್ಲಿರುವ ಕಬ್ಬಿಣದ ಅಂಶವನ್ನು ದೇಹವು ಹೀರಿಕೊಳ್ಳಲು ಅದರ ಹುಳಿಯು ಸಹಾಯಮಾಡುತ್ತದೆ. ಊಟದೊಡನೆ ಕುಡಿಯುವ ಚಹವು ಇದೇ ಕೆಲಸಕ್ಕೆ ಅಡ್ಡಿಯಾಗುತ್ತದೆ. ಮೊಳಕೆ ಬಂದ ಹೆಸರುಕಾಳನ್ನು ಕಟ್ಟುವುದಾದರೆ ಹಬೆಯಲ್ಲಿ ಬೇಯಿಸಿ ಕಟ್ಟುವುದು ಕ್ಷೇಮ.

ಹದಿನಾಲ್ಕರ ಹುಡುಗಿಗೆ ಒಲೆಯನ್ನು ನಂಬಿ ಒಪ್ಪಿಸಬಹುದು. ಆಕೆ ಮೊಸರನ್ನದಿಂದ ತೊಡಗಲಿ. ಅನ್ನವನ್ನು ಬಿಸಿಯಿರುವಾಗಲೇ ಹಿಸುಕಿ, ಉಗುರುಬೆಚ್ಚಗಾದ ಮೇಲೆ ಕಾಯಿಸಿ ಆರಿಸಿದ ಹಾಲನ್ನು ಧಾರಾಳವಾಗಿ ಹೊಯ್ದು, ಒಂದು ಚಮಚ ಮೊಸರನ್ನು ಮಾತ್ರ ಕಲಸಬೇಕು. ಡಬ್ಬಿಯಲ್ಲಿಯೇ ಹಾಲು ಹೆಪ್ಪುಗಟ್ಟತೊಡಗಿ, ಮಧ್ಯಾಹ್ನಕ್ಕೆ ಹುಳಿಯೇರದೆ ಹದವಾಗಿರುವುದು. ಅನ್ನವು ಮಾತ್ರ ಆ ಬೆಳಗಿನದಾಗಿರಲಿ. ರಾತ್ರಿಯೆಲ್ಲಾ ಹೊರಗಿಟ್ಟ ಅನ್ನವು ಹೊಟ್ಟೆಗೆ ಕೇಡು.

ಕೆಲವು ಪೋಷಕರು, 'ಓದಲಿಕ್ಕೆಂದು ಕಳುಹಿಸಿದ ಮಗಳನ್ನು ನೀವೇ ಅಡಿಗೆಮನೆಗೆ ಅಟ್ಟುವಿರಾ?' ಎಂದು ಕೇಳಿದ್ದಾರೆ. ಈ ಪ್ರಶ್ನೆಯನ್ನು ನಾವು ಗೌರವಿಸುತ್ತೇವೆ. ಹೆಣ್ಣುಮಕ್ಕಳಿಗೆ ಒಲೆಯಾಚೆಗೂ ಒಂದು ಲೋಕವುಂಟೆಂದು ತೋರಿಸಲಿಕ್ಕಾಗಿಯೇ ನಮ್ಮಂಥ ಶಾಲೆಗಳು ಹುಟ್ಟಿದುವು. ಆದರೆ ಮನೆಮಂದಿಗೆಲ್ಲಾ ಬಡಿಸಿ ಕಡೆಗೆ ಉಳಿದುದನ್ನು ಉಣ್ಣುವ ಅಭ್ಯಾಸವು ಒಂದು. ತನ್ನ ಹಸಿವನ್ನು ತಾನೇ ಗಮನಿಸಿ ತನ್ನ ದೇಹವನ್ನು ಕಾಪಾಡಿಕೊಳ್ಳುವ ಅಭ್ಯಾಸವು ಇನ್ನೊಂದು. ಮೊದಲನೆಯದನ್ನು ನಮ್ಮ ಹುಡುಗಿಯರು ಯಾರೂ ಕಲಿಸದೆಯೇ ಕಲಿಯುತ್ತಾರೆ. ಎರಡನೆಯದನ್ನು ಕಲಿಸಬೇಕಾಗಿದೆ.

ಎಂಟನೆಯ ತರಗತಿಯ ಹುಡುಗಿಯೊಬ್ಬಳು ಊಟದ ಗಂಟೆಯಾದೊಡನೆ ನಲ್ಲಿಯ ಬಳಿಗೆ ಹೋಗಿ, ನೀರು ಕುಡಿದು, ಒಡನಾಡಿಗಳು ಉಂಡೇಳುವ ತನಕ ಅಲ್ಲಿಯೇ ಸುಳಿದಾಡುತ್ತಿದ್ದಳು. ತಾಯಿ ನಸುಕಿನಲ್ಲಿಯೇ ಕೆಲಸಕ್ಕೆ ಹೊರಡುವವಳು. ಅವಳೊಬ್ಬಳನ್ನೇ ಕರೆದು ಹೇಳಿದರೆ ನಾಚಿಕೊಂಡಾಳೆಂದು ಉಪಾಧ್ಯಾಯಿನಿಯು ಇಡೀ ತರಗತಿಗೆ ಅವಲಕ್ಕಿ ಕಲಸುವುದನ್ನು ಕಲಿಸಿದರು. ಮರುವಾರ ಆ ಹುಡುಗಿಯು ಡಬ್ಬಿಯೊಂದಿಗೆ ಸಾಲಿನಲ್ಲಿ ಕುಳಿತಿದ್ದಳು. ತಮ್ಮನಿಗೂ ಕಟ್ಟಿದ್ದಳೆಂದು ತಿಳಿಯಿತು. ತಿಂಗಳ ಬಳಿಕ ವಿಚಾರಿಸಲಾಗಿ, "ಈಗ ಅವನೇ ಕಲಸಿಕೊಳ್ಳುತ್ತಾನೆ, ಟೀಚರ್, ಬೆಲ್ಲ ಮಾತ್ರ ಹೆಚ್ಚು ಹಾಕುತ್ತಾನೆ" ಎಂದಳು. ತಮ್ಮನೂ ಕಲಿತನೆಂಬುದು ನಮಗೆ ಇಮ್ಮಡಿ ಸಂತೋಷವನ್ನುಂಟುಮಾಡಿತು. ಹಸಿವು ಗಂಡುಹುಡುಗರಿಗೂ ಉಂಟು, ಕೈಗಳೂ ಉಂಟು.

ಆದುದರಿಂದ, ಪೋಷಕರೇ, ಅಡಿಗೆಮನೆಯ ಒಂದು ಮೂಲೆಯನ್ನೂ ಬೆಳಗಿನ ಕಾಲುಗಂಟೆಯನ್ನೂ ಮಕ್ಕಳಿಗೆ ಬಿಟ್ಟುಕೊಡಿರಿ. ಮೊದಲ ವಾರ ಹಿಟ್ಟು ನೆಲಕ್ಕೆ ಚೆಲ್ಲುವುದು, ಉಪ್ಪು ಮಿಕ್ಕುವುದು, ಗದರಿಸದೆ ಸೈರಿಸಿರಿ. ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಅನೇಕರು ಈಗ ತಾಯಂದಿರು. ನಿಮ್ಮ ಮಕ್ಕಳು ತಾವಾಗಿ ಕಟ್ಟಿಕೊಳ್ಳುವ ಬುತ್ತಿ ಯಾವುದೆಂದು ನಾಲ್ಕು ಸಾಲು ಬರೆದು ತಿಳಿಸಿರಿ. ಅದನ್ನು ನಮ್ಮ ಇಂದಿನ ಹುಡುಗಿಯರಿಗೆ ಓದಿ ಹೇಳುವೆವು.